ಮೂರನೇ ಪಟ್ಟಿ

ನನ್ನ ಕೊಳವೆಯಿಂದ ನಾಲ್ಕು ಪಟ್ಟಿ ಕುಯ್ದರು, ಬೆರಳಗಲದವು.
ಒಂದೊಂದನ್ನೇ ಯಂತ್ರದ ಬಾಯಿಗಿಟ್ಟು
ಲಾಳದ ಹಾಗೆ ಬಗ್ಗಿಸಿದರು.
ಒಂದು ಬಾಗಿತು. ಎರಡು ಬಾಗಿತು.
ಮೂರನೆಯದು ಬಾಗುತ್ತ ಬಾಗುತ್ತ
ಏನೋ ಹೇಳಲು ಹೊರಟವರಂತೆ
ತುಟಿ ತೆರೆಯಿತು.

ಎಂಜಿನಿಯರ್ ಟ್ವರ್ಟ್ಕೊ ಅಳತೆಪಟ್ಟಿ ಇಟ್ಟ.
ಮೂರು ಮಿಲಿಮೀಟರಿನವರೆಗೆ ಕ್ಷಮೆಯಿದೆ ನಿಯಮದಲ್ಲಿ.
ನನ್ನದು ನಾಲ್ಕೂವರೆ.
ನಾಲ್ಕನೆಯದನ್ನು ಬಗ್ಗಿಸುವ ಗೋಜಿಗೇ ಹೋಗದೆ
"ತಗೊಳ್ಳಿ, ನಿಮ್ಮದೇ" ಎಂದು ಕೈಗಿಟ್ಟ.
ಇನ್ನೂ ಬೆಚ್ಚಗಿತ್ತು.

ರಿಯೆಕಾದ ಬಂದರಿನಿಂದ ನನ್ನ ಮನೆಗೆ ಮೆಟ್ಟಿಲ ದಾರಿ.
ಇಪ್ಪತ್ತು ವರ್ಷದಲ್ಲಿ ಎಂದೂ ಎಣಿಸದವಳು
ಅವತ್ತು ಎಣಿಸಿದೆ: ಇನ್ನೂರ ಹನ್ನೆರಡು.
ಸುದ್ದಿ ನನಗಿಂತ ಮುಂಚೆ ಹತ್ತಿ ಕೂತಿತ್ತು.
ಕೆಳಮನೆಯ ಮಿಲ್ಕಾ ಹೊಸ್ತಿಲಲ್ಲೇ ಹಿಡಿದಳು:
"ಹೋಗಲಿ ಬಿಡೆ, ನಲವತ್ತೇಳಕ್ಕೆ ಇದೆಲ್ಲ ಯಾಕೆ,
ಪರದೆ ಹೊಲಿದುಕೊಂಡು ಚೆನ್ನಾಗೇ ಇದ್ದೆಯಲ್ಲ."
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಗೋಣವೆಂದರೆ
ನನಗೆ ಮೀಸೆಯೂ ಇಲ್ಲ.
ಮುಖವೇ ಮಣ್ಣಾಗಿತ್ತು. ತೊಳೆದುಕೊಂಡೆ.
ಆಲೂಗಡ್ಡೆ ಸುಲಿದೆ.

ಒಂಬತ್ತು ದಿನ ಅದು ಚಮಚಗಳ ಡ್ರಾಯರಿನಲ್ಲಿ.
ಕತ್ತರಿಗೋ ಬೆಂಕಿಪೊಟ್ಟಣಕ್ಕೋ
ಯಾವುದಕ್ಕೆ ಎಳೆದರೂ ಮೊದಲು ಅದೇ ಸದ್ದು ಮಾಡುವುದು.
ಹತ್ತನೆಯ ದಿನ ಜೇಬಿಗೆ ಹಾಕಿಕೊಂಡು
ಬೆಪೊ ಮುದುಕನ ಗ್ಯಾರೇಜಿಗೆ ಹೋದೆ.

ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಬೆಸೆದವನು.
ಎಡಗಣ್ಣಿಗೆ ಪೊರೆ. ಬಿರುಕನ್ನು ನೋಡಲಿಲ್ಲ,
ಉಗುರಿನಿಂದ ಸವರಿದ.
"ಆರು ಗಂಟೆ" ಎಂದ.
ಕೊಳವೆಯ ಬಾಯಿ ಗಡಿಯಾರವೆಂದುಕೊಂಡರೆ ಅದರ ತಳ:
ಕಿಡಿ ಕೊರಳಪಟ್ಟಿಯೊಳಗೆ ಬೀಳುವ ಜಾಗ,
ಕರಗಿದ ಉಕ್ಕು ನಮ್ಮ ಮೇಲೇ ತೂಗುವ ಜಾಗ.
"ಇಲ್ಲಿ ನಿನ್ನ ಕಡ್ಡಿ ಮುಗಿಯಿತು, ಹೊಸತು ಹಚ್ಚಿದೆ.
ನಡುವೆ ಏನು ಮಾಡಿದೆ?"
ಏನೂ ಇಲ್ಲ.
ಪರೀಕ್ಷಕ ಹೊತ್ತು ನೋಡುತ್ತಿದ್ದ, ನಾನು ಮುಂದುವರಿಸಿದೆ.

"ಅದೇ" ಎಂದ ಬೆಪೊ, ವೈನಿಗೆ ನೀರು ಬೆರೆಸುತ್ತ.
"ಬೆಸುಗೆ ನಡೆಯುತ್ತಿರುವಲ್ಲಿ ಒಡೆಯುವುದಿಲ್ಲ, ಹುಡುಗಿ.
ನಿಂತು ಮತ್ತೆ ಹೊರಟಲ್ಲಿ ಒಡೆಯುತ್ತದೆ.
ನಿಂತ ಜಾಗವನ್ನು ಉಜ್ಜು, ಬೆಳ್ಳಗೆ ಹೊಳೆಯುವತನಕ ಉಜ್ಜು.
ಆಮೇಲೆ ಒಂದಿಷ್ಟು ಹಿಂದಿನಿಂದ ಹೊರಡು."

ನಲವತ್ತೇಳಕ್ಕೆ ಹುಡುಗಿ ಅನಿಸಿಕೊಂಡು
ಮೆಟ್ಟಿಲು ಹತ್ತಿದೆ, ಎಣಿಸದೆ.
ಆ ರಾತ್ರಿ ಹೋಟೆಲೊಂದರ ಪರದೆಗೆ ಅಂಚು ಹೊಲಿಯುವಾಗ
ದಾರ ಮುಗಿಯಿತು. ಹೊಸ ದಾರ ಪೋಣಿಸಿದೆ,
ಮೂರು ಹೊಲಿಗೆ ಹಿಂದಕ್ಕೆ ಸೂಜಿ ಇಟ್ಟೆ.
ಇಟ್ಟವಳು ಹಾಗೇ ಕೂತೆ.
ಮೂವತ್ತು ವರ್ಷದಿಂದ ಕೈಗೆ ಗೊತ್ತಿತ್ತು ಇದು.
ನಾನೇ ಕೈಯನ್ನು ಕೇಳಿರಲಿಲ್ಲ.

ಈಗ ಸಂಜೆಯೆಲ್ಲ ಗುಜರಿಯ ಕೊಳವೆ.
ಬೂರಾ ಗಾಳಿ ಬೆಟ್ಟ ಇಳಿದು ಬಂದ ದಿನ
ಗ್ಯಾರೇಜಿನ ಬಾಗಿಲಿಗೆ ಕಂಬಳಿ ಕಟ್ಟುತ್ತೇವೆ.
ಕಡ್ಡಿಗಳ ತೇವ ಆರಲೆಂದು ಅಡಿಗೆಮನೆಯ ಓವನ್ನಿನಲ್ಲಿ ಎರಡು ಗಂಟೆ;
ಮಗಳು ನೆವಿಯಾ ಇಣುಕಿ ನೋಡಿ,
"ಅಮ್ಮ, ಉಪ್ಪು ಹಾಕಿದ್ದೀಯಾ?"
ಮತ್ತೆ ಕಟ್ಟಬೇಕಾದ ಶುಲ್ಕ ಮುನ್ನೂರ ಹತ್ತು ಯೂರೋ,
ಅಂದರೆ ಹನ್ನೊಂದು ಜೊತೆ ಪರದೆ.
ಅದರಲ್ಲಿ ಎರಡು ಜೊತೆ ಮಿಲ್ಕಾಳವು.
ಚೌಕಾಸಿ ಮಾಡದೆ ಕೊಟ್ಟಳು. ಕಿಟಕಿ ಇರುವುದು ಅವಳಿಗೆ ಒಂದೇ.

ಗುರುವಾರ, ಏಳೂವರೆ. ಅದೇ ಕೋಣೆ, ಅದೇ ಟ್ವರ್ಟ್ಕೊ,
ನಲವತ್ತೈದು ಡಿಗ್ರಿ ಓರೆಗೆ ನಿಂತ ಕೊಳವೆ.
ಜೇಬಿನಲ್ಲಿ ಮೂರನೇ ಪಟ್ಟಿ ತೊಡೆಗೆ ಒತ್ತುತ್ತಿದೆ.
ಆರು ಗಂಟೆಯ ಜಾಗದಲ್ಲಿ, ಮತ್ತೆಲ್ಲೂ ಅಲ್ಲದೆ ಅಲ್ಲೇ,
ಕಡ್ಡಿ ಮುಗಿಯುತ್ತದೆ.
ಮುಖಕವಚ ಎತ್ತುತ್ತೇನೆ.
ಅವನು ಹೊತ್ತು ನೋಡುತ್ತಾನೆ.
ನೋಡಲಿ.
ಉಜ್ಜುವ ಯಂತ್ರವನ್ನು ಕೈಗೆತ್ತಿಕೊಳ್ಳುತ್ತೇನೆ.